ಬ್ರಿಡ್ಜ್ ಬೇಸ್ ಆನ್‌ಲೈನ್: ಬಿಡ್ಡಿಂಗ್ ಕಲಿಯುವವರಿಗೆ ಎಷ್ಟು ಪ್ರಯೋಜನ?

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇಸ್ಪೀಟು ಬಲ್ಲವರಿಗೆ ಬರವಿಲ್ಲ. ಇಪ್ಪತ್ತೆಂಟು ಆಡುವವರಿದ್ದಾರೆ, ಆರು ಜನ ಕೂಡಿದರೆ ಐವತ್ತಾರಕ್ಕೆ ಕೂರುವವರೂ ಇದ್ದಾರೆ. ಇವರಲ್ಲಿ ಯಾರಾದರೂ ಇಬ್ಬಿಬ್ಬರ ಎರಡು ಜೋಡಿ ಆಡುವ ಕಾಂಟ್ರ್ಯಾಕ್ಟ್ ಬ್ರಿಡ್ಜ್ ಕಲಿಯುತ್ತೇನೆಂದು ಹೊರಟರೆ ಮಾತ್ರ ಕಷ್ಟ. ಎಲೆ ಆಡುವುದು ಹೇಗೂ ಕೈಗೆ ಹತ್ತುತ್ತದೆ, ತೊಡಕೆಲ್ಲ ಬಿಡ್ಡಿಂಗಿನಲ್ಲಿ, ಅಂದರೆ ಎಲೆ ಹಾಕುವ ಮೊದಲು ನಡೆಯುವ ಹರಾಜಿನಲ್ಲಿ. ಅದನ್ನು ಕೂರಿಸಿ ಹೇಳಿಕೊಡುವವರು ಹತ್ತಿರದಲ್ಲಿ ಸಿಗುವುದು ಅಪರೂಪ. ಹಾಗಾಗಿ ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಬ್ರಿಡ್ಜ್ ಬೇಸ್ ಆನ್‌ಲೈನ್ ಎಂಬ ತಾಣದಲ್ಲಿ. ಆಡುವವರ ಬಾಯಲ್ಲಿ ಅದು ಬಿಬಿಒ. ಈ ವಿಮರ್ಶೆ ಅದರ ಬಿಡ್ಡಿಂಗ್ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸಬರು ಬಿಡ್ಡಿಂಗ್ ಪದ್ಧತಿಯೊಂದನ್ನು ಬುಡದಿಂದ ಕಲಿಯಲು ಇದರಷ್ಟು ಅನುಕೂಲದ ಜಾಗ ಮತ್ತೊಂದಿಲ್ಲ. ಆದರೆ ಪ್ರತಿ ಬಿಡ್ ಒತ್ತುವ ಮೊದಲು ಅದರ ಅರ್ಥವನ್ನು ಪರದೆಯ ಮೇಲೆ ಓದುವ ಶಿಸ್ತು ಬೇಕು. ಓದದೆ ಒತ್ತುತ್ತಾ ಹೋದರೆ ವರ್ಷ ಆಡಿದರೂ ಬಿಡ್ಡಿಂಗ್ ಒಂದಿಂಚು ಮುಂದೆ ಹೋಗುವುದಿಲ್ಲ.

ಇದಕ್ಕೆ ಕಾರಣ ನಮ್ಮ ಹಳೆಯ ರೂಢಿಯಲ್ಲೇ ಉಂಟು. ಇಪ್ಪತ್ತೆಂಟರಲ್ಲಿ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ತಲಾ 1. ಬಿಡ್ 14ರಿಂದ ಶುರು, ಗೆದ್ದವನು ತುರುಪಿನ ಎಲೆಯನ್ನು ಕವುಚಿ ಇಡುತ್ತಾನೆ. ಅಲ್ಲಿ ಬಿಡ್ ಎಂದರೆ ‘ಇಷ್ಟು ಮಾಡಿ ತೋರಿಸುತ್ತೇನೆ’ ಎಂಬ ಪಣ. ಬ್ರಿಡ್ಜಿನಲ್ಲಿ ಮೊದಲ ಎರಡು ಮೂರು ಸುತ್ತಿನ ಬಿಡ್‌ಗಳು ಪಣವಲ್ಲ, ಪಾರ್ಟ್ನರಿಗೆ ಕೊಡುವ ಮಾಹಿತಿ: ನನ್ನಲ್ಲಿ ಇಷ್ಟು ಅಂಕ ಇದೆ, ಈ ಸೂಟಿನಲ್ಲಿ ಇಷ್ಟು ಎಲೆ ಇದೆ, ಇಲ್ಲಿಗೆ ನಿಲ್ಲಬಹುದು, ಇಲ್ಲಿ ನಿಲ್ಲಬಾರದು. ಐವತ್ತಾರು ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿಯೂ ಸಂಖ್ಯೆ ಮೊದಲು ಹೇಳಿದರೆ ಒಂದು ಸೂಚನೆ, ಸೂಟ್ ಮೊದಲು ಹೇಳಿದರೆ ಇನ್ನೊಂದು. ಬ್ರಿಡ್ಜಿನ ಕನ್ವೆನ್ಶನ್, ಅಂದರೆ ಒಂದು ಬಿಡ್ಡಿಗೆ ಜೋಡಿ ಮೊದಲೇ ಒಪ್ಪಿಕೊಂಡ ವಿಶೇಷ ಅರ್ಥ, ಎಂಬುದು ಅದರದೇ ಬೆಳೆದ ರೂಪ ಎಂದುಕೊಂಡರೆ ಅರ್ಧ ಹೆದರಿಕೆ ಕಳೆಯುತ್ತದೆ. ಎಲೆಯ ಬೆಲೆ ಮಾತ್ರ ಪೂರ್ತಿ ಬೇರೆ: ಎಕ್ಕ 4, ರಾಜ 3, ರಾಣಿ 2, ಗುಲಾಮ 1, ಪ್ಯಾಕಿಗೆ ಒಟ್ಟು 40. ಒಂಬತ್ತಕ್ಕೆ ಏನೂ ಇಲ್ಲ. ಸೂಟ್‌ಗಳ ಮೇಲುಕೀಳು ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್ ಎಂಬ ಕ್ರಮದಲ್ಲಿ, ಎಲ್ಲಕ್ಕೂ ಮೇಲೆ ನೋಟ್ರಂಪ್, ಅಂದರೆ ತುರುಪೇ ಇಲ್ಲದ ಆಟ.

ತಾಣದ ಪರಿಚಯ ಚುಟುಕಾಗಿ. ಫ್ರೆಡ್ ಗಿಟಲ್‌ಮನ್ ಎಂಬ ಆಟಗಾರ 2001ರಲ್ಲಿ ಶುರುಮಾಡಿದ್ದು. ಬ್ರೌಸರಿನಲ್ಲೂ ಮೊಬೈಲ್ ಆ್ಯಪಿನಲ್ಲೂ ನಡೆಯುತ್ತದೆ. ಹೆಸರು ನೋಂದಾಯಿಸಲು ದುಡ್ಡಿಲ್ಲ, ಮನುಷ್ಯರ ಜೊತೆ ಮಾಮೂಲಿ ಟೇಬಲಿನಲ್ಲಿ ಆಡಲೂ ದುಡ್ಡಿಲ್ಲ. ದುಡ್ಡು ಬೇಕಾಗುವುದು ರೋಬೋಟುಗಳನ್ನು ಬಾಡಿಗೆಗೆ ಪಡೆಯಲು ಮತ್ತು ಹೆಚ್ಚಿನ ಪಂದ್ಯಾವಳಿಗಳಿಗೆ ಸೇರಲು. ಅದನ್ನು ಬಿಬಿ ಡಾಲರ್ ಎಂಬ ತಾಣದ ಲೆಕ್ಕದಲ್ಲಿ ಮೊದಲೇ ತುಂಬಿಸಿಡಬೇಕು. ಕನ್ನಡ ಇಲ್ಲ, ಇಂಗ್ಲಿಷಿನಲ್ಲೇ ನಡೆಸಬೇಕು. ಬಿಡ್ಡಿಂಗಿಗೆ ಬೇಕಾದ ಇಂಗ್ಲಿಷ್ ಪದಗಳು ಇಪ್ಪತ್ತು ದಾಟುವುದಿಲ್ಲ, ಅದೇನೂ ದೊಡ್ಡ ಅಡ್ಡಿಯಲ್ಲ.

ರೋಬೋಟಿನ ಹೆಸರು ಗಿಬ್. ಮ್ಯಾಥ್ಯೂ ಗಿನ್ಸ್‌ಬರ್ಗ್ ಬರೆದ ಪ್ರೋಗ್ರಾಂ ಇದು, 1998 ಮತ್ತು 1999ರಲ್ಲಿ ವಿಶ್ವ ಕಂಪ್ಯೂಟರ್ ಬ್ರಿಡ್ಜ್ ಚಾಂಪಿಯನ್‌ಶಿಪ್ ಗೆದ್ದದ್ದು. ಗಿಬ್ ಆಡುವುದು ಒಂದೇ ಪದ್ಧತಿ: ಟೂ ಓವರ್ ವನ್, ಗೇಮ್ ಫೋರ್ಸಿಂಗ್. ನಿಮಗೆ ಏಕೋಲ್ ಗೊತ್ತಿರಲಿ, ಪ್ರಿಸಿಷನ್ ಗೊತ್ತಿರಲಿ, ಅದಕ್ಕೆ ಸಂಬಂಧವಿಲ್ಲ. ಬೇರೆ ಪದ್ಧತಿ ಹಾಕಿಸಲು ಆಗುವುದಿಲ್ಲ. ಇದನ್ನು ಕೊರತೆ ಎನ್ನುವವರುಂಟು. ಕಲಿಯುವವರಿಗೆ ಇದೇ ಅನುಕೂಲ, ಯಾಕೆಂದರೆ ಪಾರ್ಟ್ನರ್ ದಿನಕ್ಕೊಂದು ಅರ್ಥ ಹೇಳುವುದಿಲ್ಲ.

ಬಿಡ್ಡಿನ ಸಂಖ್ಯೆ ಆರರ ಮೇಲೆ ಎಷ್ಟು ಟ್ರಿಕ್ ಎಂಬ ಲೆಕ್ಕ, 1 ಎಂದರೆ ಏಳು ಟ್ರಿಕ್. ಈ ಪದ್ಧತಿಯಲ್ಲಿ 1 ಹಾರ್ಟ್ ಅಥವಾ 1 ಸ್ಪೇಡ್ ತೆರೆಯಬೇಕಾದರೆ, ಅಂದರೆ ಹರಾಜಿನ ಮೊದಲ ಬಿಡ್ಡಾಗಿ ಹೇಳಬೇಕಾದರೆ, ಆ ಸೂಟಿನಲ್ಲಿ ಐದು ಎಲೆ ಇರಲೇಬೇಕು. ಐದೆಲೆಯ ಮೇಜರ್ (ಸ್ಪೇಡ್ ಅಥವಾ ಹಾರ್ಟ್) ಇಲ್ಲದಿದ್ದರೆ ಕ್ಲಬ್ ಅಥವಾ ಡೈಮಂಡ್, ಕ್ಲಬ್ ಮೂರೇ ಎಲೆಯದ್ದೂ ಆಗಬಹುದು. ಸಮತೋಲದ ಕೈಗಳಿಗೆ, ಅಂದರೆ 4-3-3-3, 4-4-3-2, 5-3-3-2 ಹಂಚಿಕೆಯವಕ್ಕೆ, ಒಂದು ಏಣಿ ಉಂಟು. 12ರಿಂದ 14 ಅಂಕ ಇದ್ದರೆ ಒಂದು ಸೂಟ್ ತೆರೆದು ಮುಂದಿನ ಸುತ್ತಿನಲ್ಲಿ 1 ನೋಟ್ರಂಪ್. 15ರಿಂದ 17 ಇದ್ದರೆ ನೇರವಾಗಿ 1 ನೋಟ್ರಂಪ್. 18–19 ಇದ್ದರೆ ಸೂಟ್ ತೆರೆದು ಮುಂದಿನ ಸುತ್ತಿನಲ್ಲಿ 2 ನೋಟ್ರಂಪಿಗೆ ಹಾರುವುದು. 20–21ಕ್ಕೆ ನೇರ 2 ನೋಟ್ರಂಪ್. 22ರ ಮೇಲೆ 2 ಕ್ಲಬ್, ಇದು ಕೃತಕ, ಕ್ಲಬ್ಬಿಗೂ ಇದಕ್ಕೂ ಸಂಬಂಧವಿಲ್ಲ. 2 ಡೈಮಂಡ್, 2 ಹಾರ್ಟ್, 2 ಸ್ಪೇಡ್ ಎಂದರೆ ಆರೆಲೆಯ ದುರ್ಬಲ ಕೈ. ಈ ಏಣಿಯನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಪಕ್ಕ ಅಂಟಿಸಿಡಿ. ಶುರುವಿನ ತಪ್ಪುಗಳಲ್ಲಿ ದೊಡ್ಡ ಪಾಲು 14 ಅಂಕಕ್ಕೆ 1 ನೋಟ್ರಂಪ್ ತೆರೆಯುವುದು, 18ಕ್ಕೂ ಅದನ್ನೇ ತೆರೆಯುವುದು. ಪಾರ್ಟ್ನರ್ ನಿಮ್ಮ ಮಾತು ನಂಬಿ ಲೆಕ್ಕ ಹಾಕುತ್ತಾನೆ. ಇಬ್ಬರ ಅಂಕ ಸೇರಿ 25 ಆದರೆ 3 ನೋಟ್ರಂಪ್ ಅಥವಾ 4 ಮೇಜರ್, ಅಂದರೆ ದೊಡ್ಡ ಬೋನಸ್ ಸಿಗುವ ‘ಗೇಮ್’, 33 ಆದರೆ ಹನ್ನೆರಡು ಟ್ರಿಕ್ಕಿನ ಸ್ಲ್ಯಾಮ್ ಎಂಬುದು ಅಂದಾಜು. ಒಬ್ಬನ ಎರಡು ಅಂಕದ ಸುಳ್ಳಿನಿಂದ ಗೇಮ್ ತಪ್ಪುತ್ತದೆ, ಇಲ್ಲವೇ ಬೀಳುತ್ತದೆ.

ಈಗ ಮುಖ್ಯ ವಿಷಯ. ರೋಬೋಟಿನ ಜೊತೆ ಆಡುವಾಗ ಬಿಡ್ ಮೇಲೆ ಮೌಸ್ ಇಟ್ಟರೆ ಅದರ ಅರ್ಥ ಕಾಣುತ್ತದೆ. ಮೊಬೈಲಿನಲ್ಲಿ ಮೌಸ್ ಇಲ್ಲದ್ದರಿಂದ ಸೆಟ್ಟಿಂಗ್ಸಿಗೆ ಹೋಗಿ ‘ಕನ್ಫರ್ಮ್ ಬಿಡ್ಸ್’ ಎಂಬುದನ್ನು ಚಾಲೂ ಮಾಡಬೇಕು. ಆಗ ಒಮ್ಮೆ ಒತ್ತಿದರೆ ಅರ್ಥ, ಒಪ್ಪಿ ಮತ್ತೊಮ್ಮೆ ಒತ್ತಿದರೆ ಬಿಡ್. ಬೇರೆಯವರು ಈಗಾಗಲೇ ಹೇಳಿದ ಬಿಡ್ ಒತ್ತಿದರೂ ಅದರ ಅರ್ಥ ತೋರಿಸುತ್ತದೆ. ಇಡೀ ತಾಣದಲ್ಲಿ ಬಿಡ್ಡಿಂಗ್ ಕಲಿಯುವವರಿಗೆ ಇದಕ್ಕಿಂತ ಬೆಲೆಯ ಸೌಲಭ್ಯ ಇಲ್ಲ. ಪುಸ್ತಕ ಓದುವಾಗ ‘ಹೌದು ಹೌದು’ ಎಂದು ದಾಟಿಬಿಟ್ಟದ್ದು ಇಲ್ಲಿ ನಿಮ್ಮದೇ ಹದಿಮೂರು ಎಲೆಯ ಎದುರಿಗೆ ಬಂದು ನಿಲ್ಲುತ್ತದೆ.

ಒಂದು ಕೈ ನೋಡಿ. ಸ್ಪೇಡ್ 6, 2. ಹಾರ್ಟ್ ಎಕ್ಕ, ರಾಣಿ, 7, 4. ಡೈಮಂಡ್ ರಾಜ, ರಾಣಿ, ಗುಲಾಮ, 8, 5. ಕ್ಲಬ್ ಗುಲಾಮ, 3. ಒಟ್ಟು 13 ಅಂಕ. ನೀವು 1 ಡೈಮಂಡ್ ತೆರೆದಿರಿ, ಪಾರ್ಟ್ನರ್ 1 ಸ್ಪೇಡ್ ಅಂದ. ಈಗ ಕೈ ತಾನಾಗಿ 2 ಹಾರ್ಟಿನ ಕಡೆ ಹೋಗುತ್ತದೆ: ನಾಲ್ಕು ಹಾರ್ಟ್ ಇದೆಯಲ್ಲ, ಹೇಳಿದರೇನು? ಒತ್ತುವ ಮೊದಲು ಅರ್ಥ ಓದಿ. ಅದು ರಿವರ್ಸ್, ಸುಮಾರು 17 ಅಂಕದ ಮೇಲಿನ ಕೈ ಎಂದು ಹೇಳುತ್ತದೆ. ಕಾರಣ ಸರಳ. ಪಾರ್ಟ್ನರಿಗೆ ನಿಮ್ಮ ಡೈಮಂಡೇ ಇಷ್ಟವಾದರೆ ಅವನು 2 ಹಾರ್ಟಿನ ಮೇಲೆ 3 ಡೈಮಂಡಿಗೆ ಹೋಗಬೇಕಾಗುತ್ತದೆ. ಅವನನ್ನು ಅಷ್ಟೆತ್ತರಕ್ಕೆ ದೂಡುವ ಹಕ್ಕು ಬಲವಾದ ಕೈಗೆ ಮಾತ್ರ. 13 ಅಂಕದ ಈ ಕೈಗೆ ಸರಿಯಾದ ಬಿಡ್ 2 ಡೈಮಂಡ್, 1 ನೋಟ್ರಂಪಾದರೂ ಅಡ್ಡಿಯಿಲ್ಲ. ಹಾರ್ಟ್ ಕಳೆದುಹೋಗುತ್ತದೆಂಬ ಭಯ ಬೇಡ. ಪಾರ್ಟ್ನರಲ್ಲಿ ನಾಲ್ಕು ಹಾರ್ಟೂ ಒಳ್ಳೆಯ ಅಂಕವೂ ಇದ್ದರೆ ಅವನೇ ಅದನ್ನು ಮುಂದಿನ ಸುತ್ತಿನಲ್ಲಿ ತರುತ್ತಾನೆ. ಓದದೆ 2 ಹಾರ್ಟ್ ಒತ್ತಿದಿರೋ, ಗಿಬ್ ನಿಮ್ಮಲ್ಲಿ 17 ಇದೆಯೆಂದೇ ನಂಬಿ ಮೇಲೆ ಮೇಲೆ ಹೋಗುತ್ತದೆ. ರೋಬೋಟ್ ಹುಚ್ಚು ಬಿಡ್ ಮಾಡಿತೆಂಬ ದೂರುಗಳಲ್ಲಿ ಬಹುಪಾಲಿನ ಮೂಲ ಇಂಥದ್ದೇ.

ಪದ್ಧತಿಯ ಹೆಸರಿಗೆ ಕಾರಣವಾದ ಬಿಡ್ ಎರಡನೆಯ ದೊಡ್ಡ ಪಾಠ. ಪಾರ್ಟ್ನರ್ 1 ಸ್ಪೇಡ್ ತೆರೆದ, ನಡುವೆ ಎದುರಾಳಿ ಪಾಸ್. ನಿಮ್ಮಲ್ಲಿ ಸ್ಪೇಡ್ ರಾಣಿ, ಗುಲಾಮ, 4. ಹಾರ್ಟ್ ಎಕ್ಕ, 8, 3. ಡೈಮಂಡ್ 7, 2. ಕ್ಲಬ್ ಎಕ್ಕ, ರಾಜ, ಗುಲಾಮ, 8, 5. 15 ಅಂಕ. ಪಣದ ರೂಢಿಯವರು ನೇರ 4 ಸ್ಪೇಡಿಗೆ ಹಾರುತ್ತಾರೆ. ಟೂ ಓವರ್ ವನ್‌ನಲ್ಲಿ ಇಲ್ಲಿ 2 ಕ್ಲಬ್ ಹೇಳಬೇಕು. ಅದರ ಅರ್ಥ: ಕ್ಲಬ್ ಇದೆ, ಗೇಮ್ ಮುಟ್ಟುವವರೆಗೆ ಯಾರೂ ಪಾಸ್ ಮಾಡುವಂತಿಲ್ಲ. ಪಾರ್ಟ್ನರ್ 2 ಡೈಮಂಡ್ ಅಂದರೆ ನೀವು 2 ಸ್ಪೇಡ್. ಹೊಸಬರಿಗೆ ಇದು ನಂಬಿಕೆಗೆ ಬಾರದ ಬಿಡ್: 15 ಅಂಕ, ಪಾರ್ಟ್ನರಿನ ಸೂಟಿಗೆ ಮೂರೆಲೆಯ ಬೆಂಬಲ, ಆದರೂ ಎರಡರ ಮಟ್ಟದಲ್ಲಿ ಮೆಲ್ಲಗೆ! ಆದರೆ ಗೇಮ್ ಖಾತ್ರಿ ಆಗಿಬಿಟ್ಟಿದೆ, ಅವಸರವೇ ಇಲ್ಲ. ತುರುಪು ಎರಡರ ಮಟ್ಟದಲ್ಲೇ ನಿರ್ಧಾರವಾದ್ದರಿಂದ 4 ಸ್ಪೇಡ್ ತಲುಪುವ ಮೊದಲು ಎಕ್ಕ–ರಾಜಗಳನ್ನು ತೋರಿಸಿಕೊಳ್ಳಲು ಸುಮಾರು ಎರಡು ಮಟ್ಟದಷ್ಟು ಜಾಗ ಉಳಿಯುತ್ತದೆ. ಪಾರ್ಟ್ನರ್ ಕೈ ಹೀಗಿದೆಯೆನ್ನಿ: ಸ್ಪೇಡ್ ಎಕ್ಕ, ರಾಜ, 8, 5, 3. ಹಾರ್ಟ್ 7. ಡೈಮಂಡ್ ರಾಜ, ರಾಣಿ, 9, 4. ಕ್ಲಬ್ 10, 6, 2. 12 ಅಂಕದ ಕನಿಷ್ಠ ತೆರೆಯುವಿಕೆ. ಇಬ್ಬರದ್ದೂ ಸೇರಿ 27 ಅಂಕ ಅಷ್ಟೇ, ಆದರೆ ಐದು ಸ್ಪೇಡ್, ಹಾರ್ಟ್ ಎಕ್ಕ, ಡೈಮಂಡಿನಲ್ಲಿ ಒಂದು, ಕ್ಲಬ್ ರಾಣಿ ಸಿಕ್ಕಿಬಿದ್ದರೆ ಕ್ಲಬ್ಬಿನಲ್ಲಿ ಐದು, ಹೀಗೆ ಹನ್ನೆರಡು ಟ್ರಿಕ್ಕಿಗೆ ದಾರಿಯುಂಟು. ಸ್ಲ್ಯಾಮ್ ಹೇಳುವುದೋ ಬಿಡುವುದೋ ಎಂದು ಯೋಚಿಸಲಾದರೂ ಜಾಗ ಬೇಕು. ಮೊದಲೇ 4 ಸ್ಪೇಡಿಗೆ ಹಾರಿದರೆ ಆ ಯೋಚನೆಗೇ ಅವಕಾಶವಿಲ್ಲ. ಮೆಲ್ಲಗೆ ಹೋದಷ್ಟೂ ಬಲ ಹೆಚ್ಚು, ಹಾರಿದರೆ ಕನಿಷ್ಠ ಕೈ ಎಂಬ ಈ ತತ್ತ್ವ ತಲೆಗೆ ಹೋದ ದಿನವೇ ಟೂ ಓವರ್ ವನ್ ನಿಮ್ಮದಾಯಿತು.

ಇದಕ್ಕೆ ಎರಡು ಹೊರತುಗಳನ್ನು ಕಲಿಯುವವರು ಮರೆಯುತ್ತಾರೆ. ನೀವು ಮೊದಲು ಪಾಸ್ ಮಾಡಿದ್ದರೆ ಆಮೇಲೆ ಹೇಳುವ 2 ಕ್ಲಬ್ ಗೇಮ್ ಫೋರ್ಸಿಂಗ್ ಅಲ್ಲ. ಗಿಬ್ಬಿನ ಪದ್ಧತಿಯಲ್ಲಿ ಅದು ಡ್ರೂರಿ: ಪಾರ್ಟ್ನರ್ ತೆರೆದ ಮೇಜರಿಗೆ ಬೆಂಬಲ ಉಂಟು, ಸುಮಾರು 10ರಿಂದ 12ರ ಕೈ, ಪಾರ್ಟ್ನರದ್ದು ನಿಜವಾದ ತೆರೆಯುವಿಕೆಯೋ ಎಂಬ ಪ್ರಶ್ನೆ. ಕ್ಲಬ್ ಇದೆಯೆಂದು ಅದನ್ನು ಒತ್ತಿದರೆ ಬೆಂಬಲವಿಲ್ಲದ ತುರುಪಿನಲ್ಲಿ ಸಿಕ್ಕಿಬೀಳುತ್ತೀರಿ. ಎದುರಾಳಿ ನಡುವೆ ಬಿಡ್ ಮಾಡಿದರೂ ಗೇಮ್ ಫೋರ್ಸ್ ಅಳಿಯುತ್ತದೆ.

2 ಕ್ಲಬ್ಬಿಗೆ ಅಷ್ಟು ಬಲ ಬೇಕೆಂದಾದರೆ 6ರಿಂದ 11–12ರವರೆಗಿನ ಬೆಂಬಲವಿಲ್ಲದ ಕೈಗಳೆಲ್ಲ ಎಲ್ಲಿಗೆ ಹೋಗಬೇಕು? 1 ನೋಟ್ರಂಪಿಗೆ. ಹಾಗಾಗಿ 1 ಸ್ಪೇಡಿಗೆ ಬಂದ 1 ನೋಟ್ರಂಪ್ ಉತ್ತರ ನಿಲ್ಲುವ ಬಿಡ್ ಅಲ್ಲ. ತೆರೆದವನ ಕೈ ಸ್ಪೇಡ್ ಎಕ್ಕ, ರಾಣಿ, 10, 7, 4, ಹಾರ್ಟ್ ರಾಜ, 8, 3, ಡೈಮಂಡ್ ರಾಜ, ಗುಲಾಮ, 5, ಕ್ಲಬ್ 9, 2 ಆಗಿದ್ದರೆ ಅವನು 2 ಡೈಮಂಡ್ ಹೇಳಬೇಕು, ಮೂರೇ ಎಲೆಯ ಮೇಲೆ. ಹೆದರಿ 2 ಸ್ಪೇಡ್ ಹೇಳಿದರೆ ಪಾರ್ಟ್ನರ್ ಆರು ಸ್ಪೇಡ್ ಇದೆಯೆಂದು ಲೆಕ್ಕ ಹಾಕುತ್ತಾನೆ. ಇದೂ ಬಿಡ್ ಮೇಲೆ ಮೌಸ್ ಇಟ್ಟರೆ ಗೊತ್ತಾಗುವ ಸಂಗತಿ.

ವಿವರಣೆಯ ಭಾಷೆಗೆ ಸ್ವಲ್ಪ ಒಗ್ಗಬೇಕು. ಹೆಚ್‌ಸಿಪಿ ಎಂದರೆ ಎಕ್ಕ, ರಾಜ, ರಾಣಿ, ಗುಲಾಮರ ಅಂಕ ಮಾತ್ರ. ಟೋಟಲ್ ಪಾಯಿಂಟ್ಸ್ ಎಂದರೆ ಅದರ ಮೇಲೆ ಗಿಡ್ಡ ಸೂಟುಗಳಿಗೆ ಸಿಗುವ ಅಂಕವೂ ಸೇರಿದ್ದು. ಇವೆರಡನ್ನು ಬೆರೆಸಿದರೆ ಲೆಕ್ಕ ಹಾಳು. ರೀಬಿಡೆಬಲ್ ಎಂದು ಬಂದರೆ ಸುಮಾರಾಗಿ ಆರೆಲೆ, ಇಲ್ಲವೇ ಗಟ್ಟಿಯಾದ ಐದೆಲೆ. ಸ್ಟಾಪ್ ಎಂದರೆ ಎದುರಾಳಿಯ ಸೂಟಿಗೆ ತಡೆ ಉಂಟೆಂದು, ಪಾರ್ಶಿಯಲ್ ಸ್ಟಾಪ್ ಎಂದರೆ ಅರ್ಧ ತಡೆ. ಸಂಖ್ಯೆಯ ಮುಂದೆ ಪ್ಲಸ್ ಬಂದರೆ ಅಷ್ಟು ಅಥವಾ ಹೆಚ್ಚು, ಮೈನಸ್ ಬಂದರೆ ಅಷ್ಟು ಅಥವಾ ಕಡಿಮೆ.

ಕನ್ವೆನ್ಶನ್ನುಗಳ ವಿಷಯಕ್ಕೆ ಬಂದರೆ, ಗಿಬ್ ಬಹಳಷ್ಟನ್ನು ಆಡುತ್ತದೆ. ಎಲ್ಲವನ್ನೂ ಒಂದೇ ಸಲ ತಲೆಗೆ ತುಂಬಿಸಬೇಡಿ. ಮೊದಲು ಬೇಕಾದ್ದು 1 ನೋಟ್ರಂಪಿನ ಮೇಲಿನ ಎರಡು. 2 ಕ್ಲಬ್ ಸ್ಟೇಮನ್, ‘ನಾಲ್ಕೆಲೆಯ ಮೇಜರ್ ಇದೆಯೇ’ ಎಂಬ ಪ್ರಶ್ನೆ. ಜಾರ್ಜ್ ರಪೇ ರೂಪಿಸಿದ್ದನ್ನು ಸ್ಯಾಮ್ ಸ್ಟೇಮನ್ 1945ರಲ್ಲಿ ಪ್ರಕಟಿಸಿದ್ದರಿಂದ ಆ ಹೆಸರೇ ನಿಂತಿತು. 2 ಡೈಮಂಡ್ ಮತ್ತು 2 ಹಾರ್ಟ್ ಜಾಕೋಬಿ ಟ್ರಾನ್ಸ್‌ಫರ್: ಹೇಳಿದ ಸೂಟಿನ ಮುಂದಿನ ಸೂಟಿನಲ್ಲಿ ನನ್ನಲ್ಲಿ ಐದೆಲೆ ಉಂಟು, ನೀನು ಅದನ್ನು ಹೇಳು. ಬಲವಾದ ಕೈ ಎದುರಾಳಿಗಳಿಗೆ ಕಾಣದೆ ಮುಚ್ಚಿರಲಿ, ಮೊದಲ ಎಲೆ ಅದರ ಕಡೆಗೇ ಬರಲಿ ಎಂಬುದು ಇದರ ಉದ್ದೇಶ. ಸ್ಪೇಡ್ 8, 4, ಹಾರ್ಟ್ ಗುಲಾಮ, 9, 7, 6, 4, 3, ಡೈಮಂಡ್ 10, 5, 2, ಕ್ಲಬ್ 7, 3. ಒಂದೇ ಅಂಕದ ಈ ಕೈಯಲ್ಲೂ ಪಾರ್ಟ್ನರ್ 1 ನೋಟ್ರಂಪ್ ತೆರೆದರೆ ಪಾಸ್ ಮಾಡಬಾರದು. 2 ಡೈಮಂಡ್ ಹೇಳಿ, ಅವನು 2 ಹಾರ್ಟ್ ಅಂದಮೇಲೆ ಪಾಸ್. ನೋಟ್ರಂಪಿನಲ್ಲಿ ಈ ಕೈಯಿಂದ ಒಂದು ಟ್ರಿಕ್ಕೂ ಬಾರದೆ ಹೋಗಬಹುದು, ಹಾರ್ಟ್ ತುರುಪಾದರೆ ಮೂರು ನಾಲ್ಕು ಬರುತ್ತವೆ.

ಮೂರನೆಯದು ಸ್ಲ್ಯಾಮಿನದ್ದು. ತುರುಪು ನಿರ್ಧಾರವಾದ ಮೇಲೆ 4 ನೋಟ್ರಂಪ್ ಎಂದರೆ ಕೀಕಾರ್ಡ್ ಪ್ರಶ್ನೆ. ಈಸ್ಲಿ ಬ್ಲ್ಯಾಕ್‌ವುಡ್ 1933ರಲ್ಲಿ ರೂಪಿಸಿದ್ದು ಎಕ್ಕ ಎಣಿಸುವ ಉಪಾಯ. ಈಗಿನದ್ದರಲ್ಲಿ ತುರುಪಿನ ರಾಜನನ್ನೂ ಸೇರಿಸಿ ಐದು ಎಣಿಸುತ್ತಾರೆ. ಗಿಬ್ ಆಡುವುದು 1430 ಎಂಬ ಕ್ರಮ: 5 ಕ್ಲಬ್ ಎಂದರೆ 1 ಅಥವಾ 4, 5 ಡೈಮಂಡ್ ಎಂದರೆ 0 ಅಥವಾ 3, 5 ಹಾರ್ಟ್ ಎಂದರೆ ಎರಡು, ತುರುಪಿನ ರಾಣಿ ಇಲ್ಲ, 5 ಸ್ಪೇಡ್ ಎಂದರೆ ಎರಡು, ರಾಣಿಯೂ ಉಂಟು. ಐದರಲ್ಲಿ ಎರಡು ಕಾಣೆಯಾದರೆ ಐದರ ಮಟ್ಟದಲ್ಲೇ ನಿಲ್ಲಿ, ಒಂದು ಮಾತ್ರ ಕಾಣೆಯಾದರೆ ಆರಕ್ಕೆ ಹೋಗಬಹುದು. ಇದನ್ನು ಕಲಿತ ಮೊದಲ ತಿಂಗಳಲ್ಲಿ ಎಲ್ಲರೂ ಬೇಕಾದಲ್ಲೂ ಬೇಡದಲ್ಲೂ 4 ನೋಟ್ರಂಪ್ ಹೇಳುತ್ತಾರೆ. ಕೇಳಬಾರದ ಕೈ ಯಾವುದೆಂದು ತಿಳಿದಿರಬೇಕು. ನಿಮ್ಮಲ್ಲಿ ಒಂದು ಸೂಟ್ ಪೂರ್ತಿ ಇಲ್ಲದಿದ್ದರೆ ಪಾರ್ಟ್ನರಿನ ಎಕ್ಕ ಆ ಸೂಟಿನದ್ದೇ ಆಗಿ ವ್ಯರ್ಥವಾದೀತು. ಒಂದು ಸೂಟಿನಲ್ಲಿ ಎರಡು ಸಣ್ಣ ಎಲೆ ಇದ್ದರೆ ಎಕ್ಕಗಳ ಎಣಿಕೆ ಸರಿಯಿದ್ದೂ ಮೊದಲ ಎರಡು ಟ್ರಿಕ್ ಅಲ್ಲೇ ಹೋದೀತು. ತುರುಪು ಕ್ಲಬ್ಬಾದರೆ ಉತ್ತರವೇ 5 ಕ್ಲಬ್ಬನ್ನು ದಾಟಿಹೋಗಿ ನಿಲ್ಲಲು ಜಾಗವಿರದು.

ಮೈಕಲ್ಸ್, ಅನ್‌ಯೂಶುವಲ್ 2 ನೋಟ್ರಂಪ್, ಕ್ಯಾಪೆಲೆಟ್ಟಿ, ಲೆಬೆನ್‌ಸೋಲ್ ಮುಂತಾದವನ್ನು ನಿಧಾನವಾಗಿ ಕಲಿತರೆ ಸಾಕು. ಆದರೆ ಅವು ಇವೆ ಎಂಬ ಅರಿವು ಮೊದಲ ದಿನದಿಂದಲೇ ಬೇಕು, ಯಾಕೆಂದರೆ ನೀವು ಕಲಿಯದಿದ್ದರೂ ರೋಬೋಟ್ ಅವನ್ನು ಆಡುತ್ತಲೇ ಇರುತ್ತದೆ. ಎದುರಾಳಿ 1 ಡೈಮಂಡ್ ತೆರೆದಾಗ ನಿಮ್ಮ 2 ಡೈಮಂಡ್ ಎಂದರೆ ಎರಡೂ ಮೇಜರ್. ಎದುರಾಳಿಯ 1 ನೋಟ್ರಂಪಿನ ಮೇಲೆ ನಿಮ್ಮ 2 ಕ್ಲಬ್ ಎಂದರೆ ಯಾವುದೋ ಒಂದು ಉದ್ದ ಸೂಟ್, 2 ಡೈಮಂಡ್ ಎಂದರೆ ಮತ್ತೆ ಎರಡೂ ಮೇಜರ್. ಸಹಜವೆಂದು ಒತ್ತುವ ಮೊದಲು ಓದಿ.

ಇನ್ನು ಕೊರತೆಗಳು. ಮೊದಲನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ರೋಬೋಟ್ ಪಂದ್ಯಗಳಲ್ಲಿ ಬೆಸ್ಟ್ ಹ್ಯಾಂಡ್ ಎಂಬ ಬಗೆಯುಂಟು: ನಾಲ್ವರಲ್ಲಿ ಅತಿ ಹೆಚ್ಚು ಅಂಕದ ಕೈ ಯಾವಾಗಲೂ ನಿಮಗೇ. ಆಡಲು ಖುಷಿ, ಕಲಿಯಲು ನಷ್ಟ. 4 ಅಂಕದ ಕೈಯಲ್ಲಿ ಪಾರ್ಟ್ನರ್ ತೆರೆದಾಗ ಏನು ಮಾಡುವುದು, 7 ಅಂಕಕ್ಕೆ ಆರೆಲೆಯ 2 ಸ್ಪೇಡ್ ಯಾವಾಗ ತೆರೆಯುವುದು, ಎದುರಾಳಿ ಬಲವಾಗಿದ್ದಾಗ ಯಾವ ಮಟ್ಟಕ್ಕೆ ತಡೆಯುವುದು, ಇದೊಂದೂ ಅಭ್ಯಾಸಕ್ಕೆ ಸಿಗುವುದಿಲ್ಲ. ಉತ್ತರ ಕೊಡುವವನ ಪಾಠವೇ ಬಿಡ್ಡಿಂಗಿನಲ್ಲಿ ಅರ್ಧಪಾಲು. ಹಾಗಾಗಿ ಪಂದ್ಯ ಆರಿಸುವಾಗ ವಿವರ ಓದಿ, ಕೈಗಳು ಯಾದೃಚ್ಛಿಕವಾಗಿ ಹಂಚಿದವೇ ಎಂದು ನೋಡಿ ಸೇರಿ.

ಎರಡನೆಯದು, ಗಿಬ್ ನಿಮ್ಮ ಬಿಡ್ಡನ್ನು ಅಕ್ಷರಶಃ ನಂಬುತ್ತದೆ. ಮನುಷ್ಯ ಪಾರ್ಟ್ನರಾದರೆ ‘ಇವರಿಗೆ ಇಲ್ಲಿ ಗೊಂದಲವಾಗಿರಬೇಕು’ ಎಂದು ಊಹಿಸಿ ಉಳಿಸಿಯಾನು. ರೋಬೋಟಿಗೆ ಆ ಊಹೆ ಇಲ್ಲ. ಬಿಡ್ಡಿಂಗ್ ನಾಲ್ಕೈದು ಸುತ್ತು ದಾಟಿ ಪದ್ಧತಿಯ ಅಂಚಿಗೆ ಹೋದಾಗ ವಿವರಣೆಗಳೂ ಅಸ್ಪಷ್ಟವಾಗುತ್ತವೆ. ಅಂಥಲ್ಲಿ ಹೊಸ ಸೂಟ್ ತರುವ ಜಾಣತನ ಬಿಟ್ಟು ಗೊತ್ತಿರುವ ಗೇಮಿಗೆ ಹೋಗಿ ನಿಲ್ಲುವುದೇ ವಾಸಿ. ಎಲೆ ಆಡುವಾಗ ಡಿಫೆನ್ಸಿನ ಸಿಗ್ನಲ್ಲುಗಳ ಅಭ್ಯಾಸವೂ ಗಿಬ್ ಜೊತೆ ಆಗುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು.

ಪ್ರತಿ ಕೈ ಮುಗಿದ ಮೇಲೆ ಹಿಸ್ಟರಿ ತೆರೆಯುವ ಅಭ್ಯಾಸ ಮಾಡಿಕೊಳ್ಳಿ. ಪಂದ್ಯಗಳಲ್ಲಿ ಅದೇ ಹದಿಮೂರು ಎಲೆಯನ್ನು ಬೇರೆ ಟೇಬಲುಗಳಲ್ಲಿ ಹೇಗೆ ಬಿಡ್ ಮಾಡಿದರು ಎಂಬುದು ಸಾಲಾಗಿ ಸಿಗುತ್ತದೆ. ನೀವು 2 ಸ್ಪೇಡಿನಲ್ಲಿ ನಿಂತು ಹತ್ತು ಟ್ರಿಕ್ ಮಾಡಿ 170 ಗಳಿಸಿದಲ್ಲಿ ಇನ್ನೊಬ್ಬರು 4 ಸ್ಪೇಡ್ ಹೇಳಿ ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಆಗಿದ್ದಾಗ 620 ಗಳಿಸಿದ್ದರೆ, ಅವರು ಯಾವ ಸುತ್ತಿನಲ್ಲಿ ನಿಮ್ಮಿಂದ ಬೇರೆಯಾದರು ಎಂಬುದನ್ನು ಮಾತ್ರ ಹುಡುಕಿ. ಅದೊಂದೇ ಬಿಡ್ ಆ ದಿನದ ಪಾಠ. ಗಿಬ್ ಗುಂಡಿ ಒತ್ತಿದರೆ ನಾಲ್ಕೂ ಕೈ ಕಾಣುವಂತೆ ಆಡಿದಾಗ ಎಷ್ಟು ಟ್ರಿಕ್ ಆಗುತ್ತದೆಂದು ತೋರಿಸುತ್ತದೆ. ಅದನ್ನು ಬಿಡ್ಡಿಂಗಿನ ತೀರ್ಪೆಂದು ಎಣಿಸಬೇಡಿ. ಐದು ಎಲೆ ಹೊರಗಿದ್ದಾಗ 3-2 ಒಡೆಯುವುದು 68 ಶೇಕಡಾ ಸಲ. 4-1 ಒಡೆದು ಗೇಮ್ ಬಿದ್ದ ದಿನವೂ ಆ ಗೇಮ್ ಹೇಳಿದ್ದು ಸರಿಯೇ.

ಮನುಷ್ಯರ ಟೇಬಲುಗಳಿಗೆ ಬಂದರೆ ಬೇರೆಯೇ ಗಾಳಿ. ಪ್ರೊಫೈಲಿನಲ್ಲಿ ಎಸ್‌ಎವೈಸಿ (ಸ್ಟ್ಯಾಂಡರ್ಡ್ ಅಮೆರಿಕನ್ ಯೆಲ್ಲೋ ಕಾರ್ಡ್ ಎಂಬ ಪದ್ಧತಿ) ಎಂದೋ ಟೂ ಓವರ್ ವನ್ ಎಂದೋ ಬರೆದಿರುತ್ತಾರೆ. ಎಸ್‌ಎವೈಸಿಯಲ್ಲಿ 2 ಕ್ಲಬ್ ಉತ್ತರ ಗೇಮಿಗೆ ಒಯ್ಯುವುದಿಲ್ಲ, ಸುಮಾರು 10 ಅಂಕಕ್ಕೇ ಹೇಳಬಹುದು, 1 ನೋಟ್ರಂಪಿಗೆ ಪಾಸ್ ಮಾಡಬಹುದು. ಇದೊಂದು ವ್ಯತ್ಯಾಸ ಕೇಳಿಕೊಳ್ಳದೆ ಕೂತರೆ ಎರಡನೇ ಕೈಯಲ್ಲೇ ಪಾರ್ಟ್ನರ್ ಎದ್ದುಹೋಗುತ್ತಾನೆ. ಕೃತಕ ಬಿಡ್ ಮಾಡುವಾಗ ಅಲರ್ಟ್ ಮಾಡುವುದು, ಅಂದರೆ ಅದರ ವಿಶೇಷ ಅರ್ಥವನ್ನು ಎದುರಾಳಿಗಳಿಗೆ ತಿಳಿಸುವುದು, ನಿಮ್ಮದೇ ಕೆಲಸ. ಎದುರುಬದುರು ಕೂತ ಆಟದಲ್ಲಿ ಅಲರ್ಟ್ ಮಾಡುವುದು ಪಾರ್ಟ್ನರ್, ಇಲ್ಲಿ ಬಿಡ್ ಮಾಡಿದವರೇ. ವಿವರಣೆ ಎದುರಾಳಿಗಳಿಗೆ ಮಾತ್ರ ಕಾಣುತ್ತದೆ, ಪಾರ್ಟ್ನರಿಗೆ ಅಲ್ಲ, ಹಾಗಾಗಿ ಸಂಕೋಚವಿಲ್ಲದೆ ಪೂರ್ತಿ ಬರೆಯಿರಿ. ಬ್ರಿಡ್ಜಿನಲ್ಲಿ ಗುಟ್ಟಿನ ಒಪ್ಪಂದಕ್ಕೆ ಜಾಗವೇ ಇಲ್ಲ.

ನಿಮಗೊಬ್ಬ ಖಾಯಂ ಪಾರ್ಟ್ನರ್ ಇದ್ದರೆ, ಒಬ್ಬರು ಬದಿಯಡ್ಕದಲ್ಲಿ ಇನ್ನೊಬ್ಬರು ಉಪ್ಪಳದಲ್ಲಿ ಇದ್ದರೂ ಸರಿ, ಪ್ರಾಕ್ಟೀಸ್ ವಿಭಾಗದ ಬಿಡ್ಡಿಂಗ್ ಟೇಬಲನ್ನು ಬಿಡಬೇಡಿ. ಇಬ್ಬರೇ ಕೂತು ಬಿಡ್ ಮಾತ್ರ ಮಾಡುವುದು, ಎಲೆ ಆಡುವುದಿಲ್ಲ. ಒಂದು ಕೈಗೆ ಒಂದೆರಡು ನಿಮಿಷ ಸಾಕು. ಹಂಚುವ ಕೈಗಳಿಗೆ ಮೊದಲೇ ಷರತ್ತು ಹಾಕಬಹುದು. ದಕ್ಷಿಣದವನಿಗೆ 15–17ರ ಸಮತೋಲದ ಕೈ ಎಂದು ಹಾಕಿ ಸ್ಟೇಮನ್ ಮತ್ತು ಟ್ರಾನ್ಸ್‌ಫರ್ ತಿದ್ದಿಕೊಳ್ಳಿ. ಅದು ಸಲೀಸಾದ ಮೇಲೆ ದಕ್ಷಿಣಕ್ಕೆ ಐದು ಸ್ಪೇಡ್ ಮತ್ತು 12ರ ಮೇಲೆ, ಉತ್ತರಕ್ಕೆ 12ರ ಮೇಲೆ ಎಂದು ಹಾಕಿ ಟೂ ಓವರ್ ವನ್ ಮಾತ್ರ. ಆಮೇಲೆ ಇಬ್ಬರದ್ದೂ ಸೇರಿ 30 ದಾಟುವಂತೆ ಹಾಕಿ ಕೀಕಾರ್ಡ್. ಕೈ ಮುಗಿದ ಕೂಡಲೇ ಫೋನಿನಲ್ಲಿ ಮಾತಾಡಿ ಒಪ್ಪಂದವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಾಯಿಮಾತಿನ ಒಪ್ಪಂದ ಮೂರನೇ ವಾರಕ್ಕೆ ಇಬ್ಬರ ತಲೆಯಲ್ಲೂ ಬೇರೆ ಬೇರೆಯಾಗಿರುತ್ತದೆ.

ಬಿಡ್ಡಿಂಗ್ ಟೇಬಲಿನಲ್ಲಿ ಎದುರಾಳಿಗಳ ಕಾಟ ಇಲ್ಲ. ಅದೇ ಅದರ ಮಿತಿ, ನಿಜವಾದ ಆಟದಲ್ಲಿ ಜೋಡಿಗಳು ಮುರಿಯುವುದೇ ಎದುರಾಳಿ ನಡುವೆ ಬಂದಾಗ. ನಮ್ಮ 1 ನೋಟ್ರಂಪಿಗೆ ಎದುರಾಳಿ ಡಬಲ್ ಹಾಕಿದರೆ ಟ್ರಾನ್ಸ್‌ಫರ್ ಉಂಟೋ ಇಲ್ಲವೋ? 2 ಕ್ಲಬ್ ಹೇಳಿದರೆ ನಮ್ಮ ಡಬಲ್ ಸ್ಟೇಮನ್ನೋ ದಂಡವೋ? ನೆಗೆಟಿವ್ ಡಬಲ್ (ಎದುರಾಳಿ ನಡುವೆ ಬಂದಾಗ ಹೇಳದ ಸೂಟುಗಳನ್ನು ತೋರಿಸುವ ಡಬಲ್) ಯಾವ ಮಟ್ಟದವರೆಗೆ? ನಾವು ತೆರೆದದ್ದಕ್ಕೆ ಟೇಕೌಟ್ ಡಬಲ್ (ತನ್ನ ಪಾರ್ಟ್ನರಿಗೆ ‘ನಿನ್ನ ಸೂಟ್ ಹೇಳು’ ಎನ್ನುವ ಡಬಲ್) ಬಂದರೆ ರೀಡಬಲ್ ಎಂದರೆ 10ರ ಮೇಲೆ ತಾನೇ? ಈ ನಾಲ್ಕಕ್ಕೆ ಉತ್ತರ ಬರೆದಿಟ್ಟ ಜೋಡಿ, ಹತ್ತು ಹೊಸ ಕನ್ವೆನ್ಶನ್ ಕಲಿತ ಜೋಡಿಗಿಂತ ಮುಂದೆ. ಅಭ್ಯಾಸಕ್ಕೆ ಇಬ್ಬರೂ ಎದುರುಬದುರು ಕೂತು ಎದುರಾಳಿ ಜಾಗಕ್ಕೆ ಎರಡು ರೋಬೋಟ್ ಬಾಡಿಗೆಗೆ ಪಡೆಯಿರಿ. ಬಿಬಿ ಡಾಲರಿನ ಖರ್ಚಿಗೆ ನಿಜವಾದ ಪ್ರತಿಫಲ ಸಿಗುವುದು ಇಲ್ಲಿ.

ನಮ್ಮ ಕಡೆಯವರಿಗೆ ಮಳೆಗಾಲದ ಮಾತು ಬೇರೆ ಉಂಟು. ಜೂನ್ ಜುಲೈಯಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು, ಅದರ ಹಿಂದೆಯೇ ನೆಟ್ ಹೋಗುವುದು ಹೊಸತಲ್ಲ. ಗಡಿಯಾರ ಓಡುವ ಪಂದ್ಯಗಳಿಗೆ ಆಗ ಸೇರಬೇಡಿ. ನಡುವೆ ಎದ್ದುಹೋದರೆ ಪಾರ್ಟ್ನರಿಗೂ ಅನ್ಯಾಯ. ಡೇಲಾಂಗ್ ಎಂಬ ಬಗೆಯ ರೋಬೋಟ್ ಪಂದ್ಯಗಳನ್ನು ಎರಡು ಕೈ ಆಡಿ ಮುಚ್ಚಿಟ್ಟು, ಪಂದ್ಯದ ಅವಧಿ ಮುಗಿಯುವುದರೊಳಗೆ ಬಂದು ಉಳಿದದ್ದನ್ನು ಆಡಬಹುದು. ಇವುಗಳಲ್ಲಿ ಕೆಲವಕ್ಕೆ ದುಡ್ಡೂ ಇಲ್ಲ. ಸಂಪರ್ಕ ಕಡಿದರೆ ಮತ್ತೆ ಲಾಗಿನ್ ಆದಾಗ ಬಿಟ್ಟ ಬಿಡ್ಡಿನಿಂದಲೇ ಮುಂದುವರಿಯುತ್ತದೆ. ಮೊಬೈಲ್ ಡಾಟಾ ಖರ್ಚು ತೀರಾ ಕಡಿಮೆ, ವಿಡಿಯೋ ಇಲ್ಲವಲ್ಲ.

ದೊಡ್ಡ ಪಂದ್ಯಗಳ ನೇರ ಪ್ರಸಾರವನ್ನೂ ಇಲ್ಲೇ ನೋಡಬಹುದು, ಅದಕ್ಕೆ ವ್ಯೂಗ್ರಾಫ್ ಎನ್ನುತ್ತಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದಾಗ ಒಬ್ಬರಿಗೆ 60, ಇನ್ನೊಬ್ಬರಿಗೆ 56 ವರ್ಷ. ಇಸ್ಪೀಟು ಎಂದರೆ ದುಡ್ಡಿನ ಆಟ ಎಂದು ಮನೆಯಲ್ಲಿ ತಗಾದೆ ಎತ್ತುವವರಿಗೆ ತೋರಿಸಲು ಈ ಉದಾಹರಣೆ ಸಾಕು. ಕಲಿಯುವವರು ಮಾತ್ರ ವ್ಯೂಗ್ರಾಫನ್ನು ಆರು ತಿಂಗಳು ಕಳೆದ ಮೇಲೆ ನೋಡಿ. ಮೇಲ್ಮಟ್ಟದ ಜೋಡಿಗಳ ಪದ್ಧತಿ ನೂರಾರು ಪುಟದ್ದು, ಅವರ ಒಂದು ಬಿಡ್ ಎತ್ತಿಕೊಂಡು ನಿಮ್ಮ ಟೇಬಲಿಗೆ ತಂದರೆ ಪಾರ್ಟ್ನರಿಗೆ ಅರ್ಥವಾಗದು.

ಆರಂಭಿಸುವವರು ಮೊದಲ ತಿಂಗಳು ಬಿಬಿ ಡಾಲರ್ ತುಂಬಿಸಬೇಡಿ. ‘ಕನ್ಫರ್ಮ್ ಬಿಡ್ಸ್’ ಚಾಲೂ ಮಾಡಿ, ಅಂಕದ ಏಣಿ ಅಂಟಿಸಿ, ಉಚಿತ ಡೇಲಾಂಗ್ ಪಂದ್ಯಗಳಲ್ಲಿ ದಿನಕ್ಕೆ ಎಂಟು ಕೈ ಆಡಿ. ಪ್ರತಿ ಕೈಗೂ ಹಿಸ್ಟರಿ ನೋಡಿ. ದುಡ್ಡು ಹಾಕುವ ವಿಚಾರ ಪಾರ್ಟ್ನರ್ ಒಬ್ಬ ಖಾಯಂ ಆದಮೇಲೆ.